ಕೊನೆಯ ಮೆಟ್ಟಿಲನ್ನು ಮಕ್ಕಳೇ ಹತ್ತಲಿ: ಸ್ಕೌಟ್ ದಳಗಳ ಹಿರಿಯರಿಗೂ ತಂದೆ ತಾಯಂದಿರಿಗೂ ಒಂದು ಬಹಿರಂಗ ಪತ್ರ

ಪ್ರೀತಿಯ ಸ್ಕೌಟ್ ಮಾಸ್ಟರುಗಳೇ, ಗೈಡ್ ಕ್ಯಾಪ್ಟನ್‌ಗಳೇ, ಪರೀಕ್ಷೆ ಮಾಡಲು ಬರುವ ಹಿರಿಯರೇ, ಎಲ್ಲರಿಗಿಂತ ಮುಖ್ಯವಾಗಿ ತಂದೆ ತಾಯಂದಿರೇ,

ನಮಸ್ಕಾರ.

ನಾನು ಹದಿನಾಲ್ಕು ವರ್ಷದಿಂದ ಒಂದು ಸ್ಕೌಟ್ ದಳ ನಡೆಸುತ್ತಿದ್ದೇನೆ. ಈ ಸಲ ನಮ್ಮ ದಳದ ಇಬ್ಬರು ಮಕ್ಕಳು ಅತ್ಯುನ್ನತ ದರ್ಜೆಗೆ ತಯಾರಾಗುತ್ತಿದ್ದಾರೆ. ಹೋದ ವಾರ ಅವರಲ್ಲಿ ಒಬ್ಬನ ಮನೆಯಿಂದ ನನಗೆ ಒಂದು ಮೆಸೇಜ್ ಬಂತು. "ಸರ್, ಇವನಿಗೆ ಶಾಲೆಯ ಪರೀಕ್ಷೆ ಹತ್ತಿರ ಬಂದಿದೆ. ಲಾಗ್ ಬುಕ್ ನಾವೇ ಬರೆದುಕೊಟ್ಟರೆ ಆಗುತ್ತಾ?" ಲಾಗ್ ಬುಕ್ ಅಂದರೆ ಮಗು ತಾನು ಮಾಡಿದ ಕೆಲಸವನ್ನು ತಾನೇ ಬರೆದಿಡಬೇಕಾದ ಪುಸ್ತಕ.

ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಕದ್ದು ಮಾಡದೆ ನೇರವಾಗಿ ಕೇಳಿದರು, ಅದೇ ದೊಡ್ಡ ವಿಷಯ. "ಬೇಡ" ಅಂತ ಒಂದೇ ಮಾತಲ್ಲಿ ಉತ್ತರ ಕಳಿಸಿಬಿಡಬಹುದಿತ್ತು. ಆದರೆ ಇದು ಅವರೊಬ್ಬರ ಪ್ರಶ್ನೆ ಅಲ್ಲ. ಬೇರೆ ಬೇರೆ ರೂಪದಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಕೆಲವರು ಕೇಳದೆಯೇ ಮಾಡಿಬಿಡುತ್ತಾರೆ, ಅದರಲ್ಲಿ ನಾನೂ ಒಮ್ಮೆ ಸೇರಿದ್ದೇನೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಮೊದಲು ಈ ದರ್ಜೆ ಅಂದರೆ ಏನು ಅಂತ ಹೊರಗಿನವರಿಗಾಗಿ ಎರಡು ಮಾತು. ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಭಾರತದಲ್ಲಿ ಪ್ರವೇಶದಿಂದ ಶುರುವಾಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ, ರಾಜ್ಯ ಪುರಸ್ಕಾರ ಪಡೆದು, ಆಮೇಲೆ ರಾಷ್ಟ್ರಪತಿ ಪುರಸ್ಕಾರ. ಬ್ರಿಟನ್ನಿನಲ್ಲಿ 1909ರಿಂದ ಕಿಂಗ್ಸ್ ಸ್ಕೌಟ್ ಇದೆ, ರಾಣಿ ಎಲಿಜಬೆತ್ ಕಾಲದಲ್ಲಿ ಅದೇ ಕ್ವೀನ್ಸ್ ಸ್ಕೌಟ್ ಆಗಿತ್ತು, ಈಗ ಮತ್ತೆ ಕಿಂಗ್ಸ್ ಆಗಿದೆ. ಅಮೆರಿಕದಲ್ಲಿ ಈಗಲ್ ಸ್ಕೌಟ್. ಅಲ್ಲಿ ಒಂದೊಂದು ವಿಷಯ ಕಲಿತಿದ್ದಕ್ಕೆ ಕೊಡುವ ಮೆರಿಟ್ ಬ್ಯಾಡ್ಜ್ 21 ಬೇಕು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಲೈಫ್ ದರ್ಜೆಯಲ್ಲಿ ಇದ್ದುಕೊಂಡು ಆರು ತಿಂಗಳು ದಳದಲ್ಲಿ ಏನಾದರೂ ಜವಾಬ್ದಾರಿ ಹೊತ್ತಿರಬೇಕು, ಊರಿಗೆ ಉಪಯೋಗವಾಗುವ ಒಂದು ಸೇವಾ ಕೆಲಸ ಮಾಡಿಸಬೇಕು, ಇದೆಲ್ಲ ಹದಿನೆಂಟು ತುಂಬುವುದರೊಳಗೆ ಮುಗಿಯಬೇಕು. ಹೆಸರು, ಲೆಕ್ಕ ಬೇರೆ ಬೇರೆ ಇರಬಹುದು. ಹತ್ತುವ ದಾರಿ ಎಲ್ಲ ಕಡೆ ವರ್ಷಗಟ್ಟಲೆಯದು.

"ಮಾಡಿಸಬೇಕು" ಅಂದೆ, ಗಮನಿಸಿದಿರಾ? ಅಲ್ಲಿಯೇ ಎಲ್ಲ ಇರುವುದು. ಈಗಲ್ ದರ್ಜೆಗೆ ಸೇವಾ ಕೆಲಸದ ನಿಯಮ ಸೇರಿದ್ದು 1965ರಲ್ಲಿ. ಎಷ್ಟು ಗಂಟೆ ಕೆಲಸ ಆಗಬೇಕು ಅಂತ ಆ ನಿಯಮದಲ್ಲಿ ಲೆಕ್ಕವಿಲ್ಲ. ಮಗು ಯೋಜನೆ ಹಾಕಬೇಕು, ಬೆಳೆಸಬೇಕು, ಬೇರೆಯವರನ್ನು ಮುನ್ನಡೆಸಬೇಕು. ಅಂದರೆ ಮಗು ಒಂದು ಬೆಂಚು ಮಾಡಿಸಿತು ಅಂದುಕೊಳ್ಳಿ, ಆ ಬೆಂಚು ಎಷ್ಟು ಚೆನ್ನಾಗಿದೆ ಅನ್ನುವುದು ಎರಡನೇ ಮಾತು. ಆ ಬೆಂಚಿಗಾಗಿ ಹತ್ತು ಜನರನ್ನು ಒಟ್ಟು ಸೇರಿಸಿದ್ದು ಯಾರು, ಮಳೆ ಬಂದು ಕೆಲಸ ನಿಂತಾಗ ಅವರಿಗೆಲ್ಲ ಫೋನ್ ಮಾಡಿದ್ದು ಯಾರು, ಅಳತೆ ತಪ್ಪಿದಾಗ ಮುಖ ಸಪ್ಪೆ ಮಾಡಿಕೊಂಡು "ತಪ್ಪು ನನ್ನದು, ಇನ್ನೊಮ್ಮೆ ಮಾಡೋಣ" ಅಂದಿದ್ದು ಯಾರು, ಅದು ಮೊದಲನೇ ಮಾತು.

ಒಂದು ಫೋನ್ ಕರೆಯ ವಿಷಯ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಮ್ಮ ದಳದ ಒಬ್ಬಳು ಹುಡುಗಿ, ಹದಿನೈದು ವರ್ಷ, ಒಂದು ಪಾರ್ಕಿನ ಕಾಲುದಾರಿ ಸರಿ ಮಾಡಿಸುವ ಕೆಲಸ ಆರಿಸಿಕೊಂಡಳು. ಮಳೆ ಬಂದರೆ ಅಲ್ಲಿ ಕೆಸರು, ವಯಸ್ಸಾದವರು ಜಾರುತ್ತಿದ್ದರು. ಅನುಮತಿ ಬೇಕಿತ್ತು. ಆಫೀಸಿಗೆ ಫೋನ್ ಮಾಡಬೇಕು. ನಾನು ಅವರ ಮನೆಗೆ ಹೋದಾಗ ಅವಳು ಒಂದು ಹಾಳೆಯಲ್ಲಿ ಏನು ಮಾತಾಡಬೇಕು ಅಂತ ಪೂರ್ತಿ ಬರೆದಿಟ್ಟುಕೊಂಡಿದ್ದಳು. ಮೊದಲ ಸಾಲು "ನಮಸ್ಕಾರ ಸರ್". ಅದನ್ನೂ ಬರೆದಿದ್ದಳು, ಅದರ ಕೆಳಗೆ ಗೆರೆ ಎಳೆದಿದ್ದಳು. ಹಾಳೆ ಹಿಡಿದ ಕೈ ನಡುಗುತ್ತಿತ್ತು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಎತ್ತಿದವರು ಅವಳ ಧ್ವನಿ ಕೇಳಿ, ದೊಡ್ಡವರಿಗೆ ಕೊಡಮ್ಮ ಅಂದರು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಕೈ ಚಾಚಿದರು. "ಕೊಡಮ್ಮ ಇಲ್ಲಿ, ಎರಡು ನಿಮಿಷದ ಕೆಲಸ."

ನಿಜವಾಗಿ ಅವರಿಗೆ ಎರಡು ನಿಮಿಷದ ಕೆಲಸವೇ. ಪ್ರೀತಿಯಿಂದಲೇ ಕೈ ಚಾಚಿದ್ದು. ನಾನು ಏನೂ ಹೇಳಲಿಲ್ಲ, ಸುಮ್ನೆ ಅವಳನ್ನೇ ನೋಡುತ್ತಿದ್ದೆ. ಅವಳು ಫೋನ್ ಕೊಡಲಿಲ್ಲ. "ಸರ್, ಈ ಕೆಲಸ ನಡೆಸುತ್ತಿರುವವಳು ನಾನೇ, ನನ್ನ ಹತ್ತಿರವೇ ಹೇಳಿ" ಅಂದಳು. ಆ ಸಾಲು ಹಾಳೆಯಲ್ಲಿ ಇರಲಿಲ್ಲ.

ಅನುಮತಿ ಸಿಗಲು ಹನ್ನೊಂದು ದಿನ ಹಿಡಿಯಿತು. ಎರಡು ಸಲ ಹೋಗಿ ಕಾದು ಬಂದಳು. ಅರ್ಜಿಯಲ್ಲಿ ನಕ್ಷೆ ಇಲ್ಲ ಅಂತ ಒಮ್ಮೆ ವಾಪಸ್ ಕಳಿಸಿದರು. ಅಪ್ಪ ಫೋನ್ ತೆಗೆದುಕೊಂಡಿದ್ದರೆ ಇದೆಲ್ಲ ಅವತ್ತೇ ಮುಗಿಯುತ್ತಿತ್ತು, ಹತ್ತು ದಿನ ಉಳಿಯುತ್ತಿತ್ತು. ಆದರೆ ಮುಂದೆ ಕೆಲಸದ ದಿನ ಇಪ್ಪತ್ತಮೂರು ಜನ ಬಂದಾಗ, ಅವರಲ್ಲಿ ಅರ್ಧ ಜನ ಅವಳಿಗಿಂತ ದೊಡ್ಡವರು, ಕಲ್ಲು ಎಲ್ಲಿ ಹಾಕಬೇಕು ಅಂತ ಅವಳು ಹೇಳಿದ ಆ ಧ್ವನಿ ಎಲ್ಲಿಂದ ಬರುತ್ತಿತ್ತು? ಆ ಹನ್ನೊಂದು ದಿನದಲ್ಲಿ ಬಂದಿದ್ದು ಅದು. ಅದನ್ನು ನಾನು ಯಾವ ತರಗತಿಯಲ್ಲೂ ಕಲಿಸಲಾರೆ.

ಈಗ ನನ್ನ ತಪ್ಪು. ಇದನ್ನು ಬರೆಯದೆ ಹೋದರೆ ಉಳಿದಿದ್ದನ್ನು ಹೇಳುವ ಹಕ್ಕು ನನಗಿಲ್ಲ.

ಒಂದು ಕ್ಯಾಂಪು. ಅತ್ಯುನ್ನತ ದರ್ಜೆಗೆ ನಿಂತಿದ್ದ ಒಬ್ಬ ಹುಡುಗ ಉದ್ದನೆಯ ಗಳ ಮತ್ತು ಹಗ್ಗದಿಂದ ಒಂದು ಸಣ್ಣ ಸೇತುವೆ ಕಟ್ಟಿದ್ದ. ಮಾರನೇ ದಿನ ಬೆಳಿಗ್ಗೆ ಪರೀಕ್ಷಕರು ನೋಡಲು ಬರುವವರಿದ್ದರು. ಎರಡು ಗಳ ಅಡ್ಡಡ್ಡ ಸೇರುವ ಕಡೆ ಕಟ್ಟುವುದನ್ನು ನಾವು ಸ್ಕ್ವೇರ್ ಲ್ಯಾಶಿಂಗ್ ಅನ್ನುತ್ತೇವೆ. ಒಂದು ಗಳಕ್ಕೆ ಕ್ಲೋವ್ ಹಿಚ್ ಗಂಟು ಹಾಕಿ ಶುರು ಮಾಡಬೇಕು, ಎರಡೂ ಗಳ ಸೇರಿಸಿ ಮೂರು ನಾಲ್ಕು ಸುತ್ತು ತರಬೇಕು, ಆಮೇಲೆ ಗಳಗಳ ಸಂದಿಯಲ್ಲಿ ಆ ಸುತ್ತುಗಳ ಮೇಲೆಯೇ ಹಗ್ಗ ಹಾಯಿಸಿ ಜಗ್ಗಿ ಬಿಗಿಯಬೇಕು. ಈ ಕೊನೆಯ ಬಿಗಿತ ಸರಿಯಾಗಿಲ್ಲ ಅಂದರೆ ಸುತ್ತು ಎಷ್ಟಿದ್ದರೂ ಗಳ ಅಲ್ಲಾಡುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಟಾರ್ಚ್ ಹಿಡಿದು ಹೋಗಿ ಒಂದೊಂದೇ ಕಟ್ಟನ್ನು ಅಲ್ಲಾಡಿಸಿ ನೋಡಿದೆ. ಎಡಗಡೆಯ ಒಂದು ಕಟ್ಟು ಸಡಿಲವಾಗಿತ್ತು. ಐದು ವರ್ಷದಿಂದ ಕಷ್ಟಪಟ್ಟ ಹುಡುಗ, ಒಂದು ಕಟ್ಟಿನಿಂದ ಹೆಸರು ಕೆಡುವುದು ಬೇಡ ಅಂತ ಹೊಟ್ಟೆಯಲ್ಲಿ ಸಂಕಟವಾಯಿತು. ಬಿಚ್ಚಿದೆ, ನಾನೇ ಕಟ್ಟಿದೆ. ಹತ್ತು ನಿಮಿಷವೂ ಆಗಲಿಲ್ಲ. ಬಂದು ಮಲಗಿದೆ.

ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಅವನು ಸೇತುವೆ ಹತ್ತಿರ ಕೂತಿದ್ದ. ಆ ಕಟ್ಟಿನ ಮೇಲೆ ಬೆರಳು ಆಡಿಸುತ್ತಿದ್ದ. ಅವನು ಯಾವಾಗಲೂ ಉಳಿದ ಹಗ್ಗದ ತುದಿಯನ್ನು ಸುತ್ತಿನ ಒಳಗೆ ಸಿಕ್ಕಿಸುತ್ತಿದ್ದ. ನಾನು ಅಭ್ಯಾಸದಂತೆ ಹೊರಗೆ ಬಿಟ್ಟಿದ್ದೆ.

"ಸರ್, ಇದು ನಾನು ಕಟ್ಟಿದ್ದಲ್ಲ."

ನಾನು ಹೌದು ಅಂದೆ. ಇನ್ನೇನು ಹೇಳುವುದು? ಅವನು ಕೂಗಾಡಲಿಲ್ಲ. ಗಂಟು ಬಿಚ್ಚಿದ. ಹಗ್ಗ ಇಬ್ಬನಿಗೆ ನೆನೆದು ಗಟ್ಟಿಯಾಗಿತ್ತು, ಉಗುರು ಸೀಳಿ ರಕ್ತ ಬಂತು, ಒರೆಸಿಕೊಂಡು ಮತ್ತೆ ಕೂತ. ಪರೀಕ್ಷಕರು ಬಂದಾಗ ಅವನಿನ್ನೂ ಕಟ್ಟುತ್ತಲೇ ಇದ್ದ. ಎದ್ದು ನಿಂತು ಸೆಲ್ಯೂಟ್ ಮಾಡಿ, "ಇನ್ನೂ ಮುಗಿದಿಲ್ಲ ಸರ್, ಹತ್ತು ನಿಮಿಷ ಕೊಡಿ" ಅಂದ. ಕೊಟ್ಟರು. ಅವನು ಕಟ್ಟಿದ್ದು ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿತ್ತು ಅಂತ ಹೇಳಿದರೆ ಕಥೆ ಚೆಂದವಾಗುತ್ತದೆ, ಆದರೆ ಹಾಗಿರಲಿಲ್ಲ. ಸಾಧಾರಣವಾಗಿತ್ತು. ಭಾರ ತಡೆಯಿತು. ಪರೀಕ್ಷಕರು ಮೂರೂ ಜನ ಅದರ ಮೇಲೆ ನಡೆದು ಆಚೆ ಹೋದರು.

ನಾವು ಮಕ್ಕಳಿಗೆ ಹೇಳಿಕೊಡುವ ಮೊದಲ ನಿಯಮವೇ ಸ್ಕೌಟ್ ನಂಬಿಕೆಗೆ ಅರ್ಹ ಅಂತ. ಆ ನಿಯಮ ಅವತ್ತು ಅವನಿಗೆ ಗೊತ್ತಿತ್ತು, ನಾನು ಮರೆತಿದ್ದೆ. ಲಾಗ್ ಬುಕ್ ಬರೆದುಕೊಡಲಾ ಅಂತ ಕೇಳಿದವರಿಗೆ ನನ್ನ ಉತ್ತರ ಇದೇ. ನೀವು ಬರೆದರೆ ಅಕ್ಷರ ದುಂಡಗಿರುತ್ತದೆ, ಒಂದು ತಪ್ಪೂ ಇರುವುದಿಲ್ಲ, ಪರೀಕ್ಷಕರಿಗೂ ಗೊತ್ತಾಗದೇ ಇರಬಹುದು. ನಿಮ್ಮ ಮಗನಿಗೆ ಗೊತ್ತಿರುತ್ತದೆ. ಎದೆಯ ಮೇಲೆ ಆ ಬ್ಯಾಡ್ಜ್ ಹಾಕಿಕೊಂಡಾಗಲೆಲ್ಲ ಗೊತ್ತಿರುತ್ತದೆ.

ಸ್ಕೌಟಿಂಗ್ ಶುರುವಾದ ಬಗೆಯೇ ಬೇರೆ ಇತ್ತು. 1907ರ ಆಗಸ್ಟಿನಲ್ಲಿ, ಇದನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದುಕೊಂಡು ಹೋದರು. ಸಿರಿವಂತರ ಮನೆಯವರೂ ಇದ್ದರು, ದುಡಿಯುವ ಮನೆಯವರೂ ಇದ್ದರು. ಅವರನ್ನು ತೋಳ, ಗೂಳಿ, ಕರ್ಲ್ಯೂ ಹಕ್ಕಿ, ರೇವನ್ ಕಾಗೆ ಅಂತ ನಾಲ್ಕು ಪ್ಯಾಟ್ರೋಲ್, ಅಂದರೆ ಸಣ್ಣ ಗುಂಪು ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕ ಮಾಡಿದರು. ಮುಂದಿನ ವರ್ಷ ಅವರ ಕೈಪಿಡಿ ಹದಿನೈದು ದಿನಕ್ಕೊಂದು ಕಂತಿನ ಹಾಗೆ ಆರು ಕಂತಿನಲ್ಲಿ ಬಂತು. ಅದನ್ನು ಓದಿದ ಹುಡುಗರು ದೊಡ್ಡವರಿಗೆ ಕಾಯಲಿಲ್ಲ. ತಾವೇ ಪ್ಯಾಟ್ರೋಲ್ ಕಟ್ಟಿಕೊಂಡು, ಆಮೇಲೆ ದೊಡ್ಡವರೊಬ್ಬರನ್ನು ಹುಡುಕಿ, ನಮಗೆ ಸ್ಕೌಟ್ ಮಾಸ್ಟರ್ ಆಗಿ ಅಂತ ಕೇಳಿದರು! 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಸಮಾವೇಶ ನಡೆದಾಗ ಯಾರೂ ಕರೆಯದಿದ್ದರೂ ಕೆಲವು ಹುಡುಗಿಯರು ಬಂದು ನಾವೂ ಸ್ಕೌಟ್‌ಗಳು ಅಂದರು, ಅದರಿಂದಲೇ ಮಾರನೇ ವರ್ಷ ಹುಡುಗಿಯರ ಸಂಘಟನೆಯಾದ ಗೈಡ್ಸ್ ಹುಟ್ಟಿತು. ಅಂದರೆ ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಈಗ ನಾವು ಮುಂದೆ ನಿಂತು ಮಕ್ಕಳ ಕೈ ಹಿಡಿದು ಎಳೆಯುತ್ತಿದ್ದೇವೆ ಅಲ್ವಾ?

ಏಕೆ ಎಳೆಯುತ್ತೇವೆ ಅನ್ನುವುದೂ ನನಗೆ ಗೊತ್ತು. ಈ ದರ್ಜೆಗೆ ಬೆಲೆ ಇದೆ. ಅಮೆರಿಕದಲ್ಲಿ ಈಗಲ್ ಸ್ಕೌಟ್ ಆದವರು ಸೈನ್ಯಕ್ಕೆ ಸೇರಿದರೆ ಒಂದು ಹಂತ ಮೇಲಿಂದ ಶುರು ಮಾಡಬಹುದು. ಭಾರತದಲ್ಲಿ ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇದೆ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಈಗಲ್ ಸ್ಕೌಟ್ ಆಗಿದ್ದರು ಅಂತ ನಾವೇ ಎಲ್ಲ ಭಾಷಣದಲ್ಲೂ ಹೇಳುತ್ತೇವೆ. ಮಕ್ಕಳ ಭವಿಷ್ಯದ ಚಿಂತೆ ಇರುವ ತಂದೆ ತಾಯಿ ಇದನ್ನು ಕೇಳಿ ಸುಮ್ಮನೆ ಕೂರಲು ಆಗುತ್ತದೆಯೇ? ಅದರ ಮೇಲೆ ಹದಿನೇಳು ತುಂಬುವ ಹೊತ್ತಿಗೆ ಓದಿನ ಒತ್ತಡ, ವಯಸ್ಸಿನ ಗಡಿ, ಎರಡೂ ಒಟ್ಟಿಗೆ ತಲೆ ಮೇಲೆ ಬರುತ್ತವೆ. ಆಗ ಮನೆಯವರೆಲ್ಲ ಸೇರಿ ಮುಗಿಸಿಬಿಡೋಣ ಅನ್ನಿಸುವುದು ಸಹಜ. ಅದಕ್ಕೆ ಮದ್ದು ಬೇಗ ಶುರು ಮಾಡುವುದು. ಹದಿನಾಲ್ಕಕ್ಕೇ ಮಗುವನ್ನು ಕೂರಿಸಿಕೊಂಡು, ಮುಂದೆ ಏನೇನು ಬಾಕಿ ಇದೆ ಅಂತ ಅವನ ಕೈಯಲ್ಲೇ ಬರೆಸಿ. ಇದು ನಮ್ಮ ಕೆಲಸ, ದಳ ನಡೆಸುವವರದ್ದು. ನಾವು ಇದನ್ನು ಸರಿಯಾಗಿ ಮಾಡಿದರೆ ಕೊನೆಯ ವರ್ಷ ಯಾರೂ ಕದ್ದು ಬರೆಯಬೇಕಾಗಿಲ್ಲ.

ಪರೀಕ್ಷಕರಿಗೆ ಒಂದು ಕೋರಿಕೆ. 1912ರಲ್ಲಿ ಆರ್ಥರ್ ಎಲ್ಡ್ರೆಡ್ ಅನ್ನುವ ಹುಡುಗ ಮೊದಲ ಈಗಲ್ ಸ್ಕೌಟ್ ಆದಾಗ ಅವನ ಸಂದರ್ಶನಕ್ಕೆ ಅಮೆರಿಕದ ಸ್ಕೌಟಿಂಗ್‌ನ ಅತಿ ಹಿರಿಯರೇ ಕೂತಿದ್ದರು. ಅಷ್ಟು ಗಂಭೀರವಾಗಿ ನೋಡಿದ ಕೆಲಸ ಇದು. ಈಗ ಕೆಲವು ಕಡೆ ಸಂದರ್ಶನ ಅಂದರೆ ನಿಯಮ ಬಾಯಿಪಾಠ ಒಪ್ಪಿಸು, ಪ್ರತಿಜ್ಞೆ ಹೇಳು, ಧ್ವಜದ ಅಳತೆ ಹೇಳು, ಮುಗೀತು. ಬಾಯಿಪಾಠ ಬೇಕು, ಬೇಡ ಅನ್ನುವುದಿಲ್ಲ. ಆದರೆ ಇನ್ನೊಂದು ಪ್ರಶ್ನೆ ಕೇಳಿ: "ನಿನ್ನ ಕೆಲಸದಲ್ಲಿ ಏನು ಕೆಟ್ಟಿತು, ಆಗ ನೀನು ಏನು ಮಾಡಿದೆ?" ತಾನೇ ಮಾಡಿದ ಮಗು ಈ ಪ್ರಶ್ನೆ ಬಂದ ಕೂಡಲೇ ಕುರ್ಚಿಯಲ್ಲಿ ಮುಂದಕ್ಕೆ ಬರುತ್ತದೆ, ಕೈ ಆಡಿಸಿಕೊಂಡು ಮಾತಾಡುತ್ತದೆ, ನಿಲ್ಲಿಸುವುದೇ ಕಷ್ಟ. ಬೇರೆಯವರು ಮಾಡಿಕೊಟ್ಟಿದ್ದರೆ "ಏನೂ ಕೆಡಲಿಲ್ಲ ಸರ್" ಅನ್ನುತ್ತದೆ. ನಾನು ಎರಡೂ ನೋಡಿದ್ದೇನೆ. ಎರಡನೇ ಮಗುವನ್ನು ಬೈಯಬೇಡಿ. ಅದರ ತಪ್ಪು ಕಡಿಮೆ, ನಮ್ಮದು ಜಾಸ್ತಿ. ಇನ್ನೂ ಸಮಯ ಇದ್ದರೆ, ಒಂದು ಸಣ್ಣ ಕೆಲಸವನ್ನಾದರೂ ಪೂರ್ತಿ ನೀನೇ ಮಾಡಿಕೊಂಡು ಬಾ ಅಂತ ಪ್ರೀತಿಯಿಂದ ವಾಪಸ್ ಕಳಿಸಿ.

ಇನ್ನೊಂದು ಮಾತು. ಬ್ಯಾಡ್ಜ್ ಕೊಡುವಾಗ ಕೆಲಸದ ಅಂದಕ್ಕಿಂತ ಹುಡುಗ ಪಟ್ಟ ಶ್ರಮ ನೋಡಿ ಅಂತ ಬೇಡನ್ ಪೊವೆಲ್ ಅವರೇ ಹೇಳುತ್ತಿದ್ದರು. ಅಂಗವೈಕಲ್ಯ ಇರುವ ಮಕ್ಕಳಿಗೆ ಬೇರೆ ದಾರಿಯಲ್ಲಿ ಅದೇ ದರ್ಜೆ ತಲುಪಲು ಹಲವು ದೇಶಗಳ ನಿಯಮದಲ್ಲೇ ಅವಕಾಶ ಇದೆ. ದಯವಿಟ್ಟು ಅದನ್ನು ತಿಳಿದುಕೊಳ್ಳಿ, ಆ ಮನೆಗಳಿಗೆ ನೀವಾಗಿಯೇ ಹೋಗಿ ಹೇಳಿ. ಅವರು ಕೇಳಲು ಸಂಕೋಚಪಡುತ್ತಾರೆ. ಹಾಗೆಯೇ ಹುಡುಗಿಯರು. ಅಮೆರಿಕದಲ್ಲಿ ಹುಡುಗಿಯರಿಗೆ ಈಗಲ್ ದಾರಿ ತೆರೆದದ್ದು 2019ರಲ್ಲಿ. 2021ರ ಫೆಬ್ರವರಿಯಲ್ಲಿ ಮೊದಲ ಸಲ ಹೆಚ್ಚೂ ಕಡಿಮೆ 1000 ಹುಡುಗಿಯರು ಒಟ್ಟಿಗೆ ಈಗಲ್ ಸ್ಕೌಟ್ ಆದರು. ಬಾಗಿಲು ತೆರೆದು ಎರಡೇ ವರ್ಷ! ಮಕ್ಕಳಿಗೆ ಆಗುತ್ತದೋ ಇಲ್ಲವೋ ಅನ್ನುವ ಅನುಮಾನ ಯಾವಾಗಲೂ ನಮ್ಮದು, ಅವರದ್ದಲ್ಲ.

ಸ್ಕೌಟಿಂಗ್‌ಗೆ ಸಂಬಂಧವೇ ಇಲ್ಲದವರಿಗೂ ಇದರಲ್ಲಿ ಪಾತ್ರ ಇದೆ. ನೀವು ಯಾವುದೋ ಆಫೀಸಿನಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಇದ್ದೀರಿ ಅಂದುಕೊಳ್ಳಿ. ಒಂದು ದಿನ ಯೂನಿಫಾರ್ಮ್ ಹಾಕಿಕೊಂಡ ಒಂದು ಮಗು ಬಂದು, ತಡವರಿಸುತ್ತಾ, ನಾವು ಇಂಥ ಕೆಲಸ ಮಾಡಬೇಕು ಅಂದುಕೊಂಡಿದ್ದೇವೆ, ಅನುಮತಿ ಬೇಕು, ಅಥವಾ ಎರಡು ಬಕೆಟ್ ಬಣ್ಣ ಬೇಕು ಅನ್ನುತ್ತದೆ. ದೊಡ್ಡವರನ್ನು ಕರೆದುಕೊಂಡು ಬಾ ಅನ್ನಬೇಡಿ. ಐದು ನಿಮಿಷ ಕೂರಿಸಿ ಕೇಳಿ. ಆಗುವುದಿಲ್ಲ ಅನ್ನುವುದಾದರೂ ಪರವಾಗಿಲ್ಲ, ಕಾರಣ ಹೇಳಿ, ಇನ್ನೊಬ್ಬ ಮನುಷ್ಯನಿಗೆ ಹೇಳುವ ಹಾಗೆ ಹೇಳಿ. ಆ ಮಗು ನಿಮ್ಮ ಹತ್ತಿರ ಬರುವ ಮೊದಲು "ನಮಸ್ಕಾರ ಸರ್" ಅನ್ನುವುದನ್ನೂ ಹಾಳೆಯಲ್ಲಿ ಬರೆದುಕೊಂಡು ಬಂದಿರುತ್ತದೆ.

ಎಲ್ಲ ಮಕ್ಕಳೂ ಮೇಲಿನ ದರ್ಜೆಗೆ ಹೋಗುವುದಿಲ್ಲ. ನಮ್ಮ ದಳದಲ್ಲಿ ತುಂಬ ಮಕ್ಕಳು ಮಧ್ಯದಲ್ಲೇ ನಿಂತಿದ್ದಾರೆ, ಅವರಲ್ಲಿ ಕೆಲವರು ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಸ್ಕೌಟ್‌ಗಳು. ಅವರ ಎದುರು ಬ್ಯಾಡ್ಜ್ ಬಂದವರನ್ನು ಹೋಲಿಸಿ ಮಾತಾಡಬೇಡಿ. ಬ್ಯಾಡ್ಜ್ ಬಂದವರಿಗೂ ಹೇಳಿ, ಸಮಾರಂಭದ ಮರುದಿನ ನಾಪತ್ತೆಯಾಗಬೇಡ ಅಂತ. ಪಾರ್ಕಿನ ದಾರಿ ಮಾಡಿಸಿದ ಆ ಹುಡುಗಿ ಈಗಲೂ ತಿಂಗಳಿಗೊಮ್ಮೆ ಬಂದು ಚಿಕ್ಕ ಮಕ್ಕಳಿಗೆ ಗಂಟು ಹಾಕುವುದನ್ನು ಹೇಳಿಕೊಡುತ್ತಾಳೆ. ಒಂದು ಮಗು ಬೋಲೈನ್ ಗಂಟು ಹಾಕಲಾರದೆ ಅಳುವ ಮುಖ ಮಾಡಿತ್ತು ಒಮ್ಮೆ. ಅವಳ ಕೈ ಹಗ್ಗದ ಹತ್ತಿರ ಹೋಯಿತು, ನಿಂತಿತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ಇನ್ನೊಂದ್ಸಲ ನೋಡು ಪುಟ್ಟಾ, ತುದಿ ಯಾವ ಕಡೆಯಿಂದ ಬರಬೇಕು?"

ಇನ್ನು ಮೆಸೇಜ್ ಕಳಿಸಿದವರಿಗೆ. ನಿಮ್ಮ ಮಗನ ಲಾಗ್ ಬುಕ್ಕಿನಲ್ಲಿ ಇನ್ನು ಹದಿನೆಂಟು ಪುಟ ಬಾಕಿ ಇದೆ ಅಂತ ನನಗೆ ಗೊತ್ತು. ಶಾಲೆಯ ಪರೀಕ್ಷೆ ಮುಗಿದ ಮೇಲೂ ಐದು ವಾರ ಸಿಗುತ್ತದೆ, ಲೆಕ್ಕ ಹಾಕಿದ್ದೇನೆ. ಶನಿವಾರ ಸಂಜೆ ಅವನನ್ನು ದಳದ ಕೋಣೆಗೆ ಕಳಿಸಿ. ನಾನು ಅಲ್ಲೇ ಇರುತ್ತೇನೆ, ಪೆನ್ನು ಮುಟ್ಟುವುದಿಲ್ಲ. ನೀವೂ ಬನ್ನಿ, ಹೊರಗೆ ಕೂತು ಮಾತಾಡೋಣ.

ಇಂತಿ ನಿಮ್ಮ,
ಒಬ್ಬ ಸ್ಕೌಟ್ ಮಾಸ್ಟರ್